ನೀರು ಮೊದಲೋ, ರಸ್ತೆ ಮೊದಲೋ?

ಪ್ರಶ್ನೆ: ಬೇಸಿಗೆ ಬಂತೆಂದರೆ ಬಳ್ಳಾರಿಯಲ್ಲಿ ನಲ್ಲಿ ನೀರಿಗೆ ದಿನಗಟ್ಟಲೆ ಕಾಯಬೇಕು. ಪಾಲಿಕೆಯ ಮುಂದಿನ ಬಜೆಟ್ಟಿನಲ್ಲಿ ಯಾವುದಕ್ಕೆ ಮೊದಲು ಹಣ ಇಡಿ ಅಂತ ಕೇಳೋಣ?
– ಓದುಗರೊಬ್ಬರು, ಕೌಲ್‌ಬಜಾರ್

ಉತ್ತರ: ನೀರಿಗೇ ಕೇಳಿ, ಅದರಲ್ಲೂ ಸೋರಿಕೆ ತಡೆಗೆ. ಲೆಕ್ಕ ನೋಡಿ: 2011ರ ಜನಗಣತಿಯಂತೆ ಊರಿನ ಜನ ಸುಮಾರು 4.1 ಲಕ್ಷ. ತಲೆಗೆ 135 ಲೀಟರಿನಂತೆ ದಿನಕ್ಕೆ 5.5 ಕೋಟಿ ಲೀಟರ್ ಬೇಕು. ಊರಿಗೆ ನೀರು ತರುವ ತುಂಗಭದ್ರಾ ಕಾಲುವೆ 90 ದಿನ ನಿಂತರೆ ಸುಮಾರು 500 ಕೋಟಿ ಲೀಟರ್ ಕೂಡಿಟ್ಟಿರಬೇಕು, ಅಂದರೆ 0.18 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ). ಆವಿಯಾಗುವುದು ಬೇರೆ. ಜಲಾಶಯವನ್ನೇ ನೆಚ್ಚುವಂತಿಲ್ಲ, ಹೂಳಿನಿಂದ ತುಂಗಭದ್ರೆಯ ಸಾಮರ್ಥ್ಯ 133ರಿಂದ ಸುಮಾರು 105 ಟಿಎಂಸಿಗೆ ಇಳಿದಿದೆ. 2024ರ ಆಗಸ್ಟ್‌ನಲ್ಲಿ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದಾಗಿನ ಆತಂಕ ಎಲ್ಲರಿಗೂ ನೆನಪಿದೆ. ಹಾಗಾಗಿ ಕಾಲುವೆ ನಿಲ್ಲುವ ಮುಂಚೆಯೇ, ಊರಿಗೆ ಕುಡಿಯುವ ನೀರು ಕೂಡಿಡುವ ಅಲ್ಲೀಪುರದ ಕೆರೆ ತುಂಬಿರಬೇಕು.

ಸೋರಿಕೆ ಹಿಡಿಯಲು ಪ್ರತಿ ಓವರ್‌ಹೆಡ್ ಟ್ಯಾಂಕಿಗೆ ದೊಡ್ಡ ಮೀಟರ್ ಬೇಕು. ಒಂದು ಬಡಾವಣೆಯ ಮನೆ ನಲ್ಲಿಗಳನ್ನೆಲ್ಲ ಮುಚ್ಚಿಸಿ ನೀರು ಬಿಡಲಿ; ಪೈಪು ತುಂಬಿದ ಮೇಲೂ ಮೀಟರ್ ಓಡುತ್ತಿದ್ದರೆ ಅದಷ್ಟೂ ಸೋರಿಕೆ, ಇಲ್ಲವೇ ಕಳ್ಳ ಸಂಪರ್ಕ. ಅದು ಆ ಬಡಾವಣೆಗೆ ಎಂದಿನಂತೆ ಬಿಡುವ ನೀರಿನ ನೂರಕ್ಕೆ 20ರ ಮೇಲೆ ಹೋದರೆ ಆ ಪೈಪು ಮೊದಲು ಬದಲಾಗಲಿ. ನೀರು ನಿಂತಾಗ ಸೋರುವ ಬಿರುಕಿನಿಂದಲೇ ಪೈಪು ಚರಂಡಿ ನೀರನ್ನು ಒಳಗೆಳೆದುಕೊಳ್ಳುತ್ತದೆ. ಅದಕ್ಕೇ ನೀರು ಬಿಟ್ಟಾಗ ಮೊದಲು ಬರುವ ಕಲಕು ನೀರನ್ನು ಕುಡಿಯಲು ಹಿಡಿಯಬೇಡಿ. ನಲ್ಲಿಯ ತುದಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿ.ಗ್ರಾಂ ಕ್ಲೋರಿನ್ ಉಳಿದಿರಬೇಕು. ಪರೀಕ್ಷಿಸಿ ತೋರಿಸುವಂತೆ ಕೇಳಿ.

ರಸ್ತೆ ಆಮೇಲೆ. ಡಾಂಬರು ಹಾಕಿದ ಮೇಲೆ ಪೈಪಿಗಾಗಿ ಅಗೆದರೆ ಎರಡೂ ಹಣ ಹಾಳು. ಬಜೆಟ್ ಪೂರ್ವಭಾವಿ ಸಭೆಯಲ್ಲಿ ಬೀದಿಯ ಹೆಸರು, ಸೋರುವ ಜಾಗ ಬರೆದು ಕೊಟ್ಟು ಸ್ವೀಕೃತಿ ಪಡೆಯಿರಿ.