ಮಾತಿನ ಕೊನೆಗೆ ಕಿವಿಗೊಡಿ: ಜಪಾನಿ ಆರ್‌ಪಿಜಿ (ಪಾತ್ರವಾಗಿ ಕಥೆಯೊಳಗೆ ಆಡುವ ವಿಡಿಯೋ) ಆಟಗಳ ಕಥೆ, ಪಾತ್ರ, ಕಂಠದಾನ – ಓದುಗರ ಪ್ರಶ್ನೆ, ನಮ್ಮ ಉತ್ತರ

ಗೆಳೆಯರೆಲ್ಲ ಜಪಾನಿ ದನಿ ಇಟ್ಕೊಂಡೇ ಆಡಬೇಕು ಅಂತಾರ್ರಿ. ನಮಗ ಜಪಾನಿ ಒಂದಕ್ಷರ ಬರಂಗಿಲ್ಲ. ಇಂಗ್ಲಿಷ್ ದನಿ ಇಟ್ರ ಕಥಿ ಲಗೂನ ತಿಳೀತದ. ಯಾವುದು ಇಡಬೇಕು? – ಬ್ರಹ್ಮಪುರ, ಕಲಬುರಗಿ

ಜಪಾನಿ ದನಿ, ಪರದೆಯ ಮೇಲೆ ಇಂಗ್ಲಿಷ್ ಅಕ್ಷರ (ಸಬ್‌ಟೈಟಲ್). ಮೊದಲ ಎರಡು ಗಂಟೆ ಹೀಗೆ ಆಡಿ ನೋಡಿ. ಭಾಷೆ ಬಾರದಿದ್ದರೂ ಕನ್ನಡದವರ ಕಿವಿಗೆ ಇದು ಬೇಗ ಒಗ್ಗುತ್ತದೆ, ಅದಕ್ಕೆ ಕಾರಣವೂ ಇದೆ.

ಜಪಾನಿ ವಾಕ್ಯ ಕನ್ನಡದ ಹಾಗೆಯೇ ಸಾಗುತ್ತದೆ: ಕರ್ತೃ, ಕರ್ಮ, ಕೊನೆಗೆ ಕ್ರಿಯಾಪದ. 'ಆ ರಾತ್ರಿ ಊರಿಗೆ ಬೆಂಕಿ ಹಚ್ಚಿದಾಂವ...' ಎಂದು ತಡೆದು, ಉಸಿರು ಎಳೆದು, 'ನಾನೇ' ಎಂದರೆ ಗುಟ್ಟು ಕಟ್ಟಕಡೆಯ ಪದದಲ್ಲಿ ಒಡೆಯುತ್ತದೆ. ಜಪಾನಿ ನಟ ಆ ತಡೆಯನ್ನು ಇದೇ ಜಾಗದಲ್ಲಿ ಇಡಬಲ್ಲ. ಇಂಗ್ಲಿಷ್‌ನಲ್ಲಿ 'ನಾನು' ಎಂಬುದು ಸಾಮಾನ್ಯವಾಗಿ ಮೊದಲೇ ಬರುತ್ತದೆ. ಹಾಗಾಗಿ ಪರದೆಯ ಮೇಲಿನ ಸಾಲನ್ನು ಒಂದೇ ಸಲ ಓದಿಬಿಟ್ಟರೆ, ನಟ ಗುಟ್ಟು ಹೇಳುವ ಮುಂಚೆಯೇ ನಿಮಗೆ ಗೊತ್ತಾಗಿರುತ್ತದೆ. ಗಂಭೀರ ದೃಶ್ಯಗಳಲ್ಲಿ ಮೊದಲು ಕೇಳಿ, ಆಮೇಲೆ ಓದಿ.

ವಾಕ್ಯದ ಬಾಲದಲ್ಲೇ ಪಾತ್ರದ ಸ್ವಭಾವ ಕುಳಿತಿರುತ್ತದೆ. 'ಬಂದ್ಯಾ' ಎಂಬಲ್ಲಿ ನಾವು ಎಳೆಯುವ 'ಆ'ಕಾರದ ಕೆಲಸವನ್ನು ಅಲ್ಲಿ 'ಕಾ' ಮಾಡುತ್ತದೆ. ನಮ್ಮ 'ಅಂತ' ಅವರ 'ತೊ', ನಮ್ಮ 'ಅಂತೆ' ಅವರ 'ಸೋ ದಾ'. 'ಅಲ್ವಾ' ಎಂದು ಒಪ್ಪಿಗೆ ಕೇಳಿದ ಹಾಗೆ 'ನೆ', ಒತ್ತಿ ಹೇಳಲು 'ಯೊ', ಗಂಡಸಿನ ಗಡಸುತನಕ್ಕೆ 'ಜೊ'. ಇನ್ನು 'ದೆಸು', 'ಮಾಸು' ಎಂದು ಮುಗಿಯುವ ಮಾತು ನಮ್ಮ 'ರಿ' ಇದ್ದಂತೆ. ಇಪ್ಪತ್ತು ಗಂಟೆ 'ರಿ' ಹಚ್ಚಿ ಮಾತಾಡಿದ ಪಾತ್ರ ಒಂದು ಜಗಳದಲ್ಲಿ ಅದನ್ನು ಬಿಟ್ಟರೆ, ಅಕ್ಷರ ಏನೇ ಹೇಳಲಿ, ಅಲ್ಲಿ ಸಂಬಂಧ ಬದಲಾಗಿದೆ ಎಂದೇ ತಿಳಿಯಿರಿ.

'ನಾನು' ಎನ್ನುವುದಕ್ಕೂ ಹಲವು ಪದಗಳಿವೆ. 'ಒರೆ' ಅಂದರೆ ಒರಟು ಗಂಡಸು, 'ಬೊಕು' ಮೆದು ಹುಡುಗ, 'ವತಾಶಿ' ಸಭ್ಯ, 'ವಾಶಿ' ಮುದುಕ. ಇಂಗ್ಲಿಷ್‌ಗೆ ಹೋದಾಗ ಇವೆಲ್ಲ ಒಂದೇ ಆಗಿಬಿಡುವುದರಿಂದ ಅನುವಾದಕರು ಬೇರೆ ದಾರಿ ಹುಡುಕುತ್ತಾರೆ. 1995ರ 'ಕ್ರೋನೋ ಟ್ರಿಗರ್' ಆಟದ ಕಪ್ಪೆ ವೀರ ಜಪಾನಿಯಲ್ಲಿ ಒರಟು ಸಿಪಾಯಿಯಂತೆ ಮಾತಾಡುತ್ತಾನೆ. ಮೊದಲ ಇಂಗ್ಲಿಷ್ ಅನುವಾದ ಅವನ ಬಾಯಲ್ಲಿ ಹಳೇ ಕಾಲದ ಗ್ರಾಂಥಿಕ ಇಂಗ್ಲಿಷ್ ಇಟ್ಟಿತು, 2008ರ ಆವೃತ್ತಿ ಅದನ್ನು ತೆಗೆದುಹಾಕಿತು.

ಇಂಗ್ಲಿಷ್ ದನಿಯನ್ನೇ ಇಡಬೇಕಾದ ಸಂದರ್ಭವೂ ಇದೆ. 'ಟೇಲ್ಸ್' ಸರಣಿಯಂಥ ಆಟಗಳಲ್ಲಿ ಹೊಡೆದಾಟದ ನಡುವೆ ಪಾತ್ರಗಳು ಕೂಗಿಕೊಳ್ಳುವ ಮಾತಿಗೆ ಸಾಮಾನ್ಯವಾಗಿ ಅಕ್ಷರ ಬರುವುದಿಲ್ಲ. ಬಂದರೂ ಓದಲು ಪುರುಸೊತ್ತಿರುವುದಿಲ್ಲ. 'ಡ್ರ್ಯಾಗನ್ ಕ್ವೆಸ್ಟ್ 8'ರದ್ದು ಇನ್ನೊಂದು ಬಗೆ: 2004ರಲ್ಲಿ ಜಪಾನಿನಲ್ಲಿ ಅದು ದನಿಯಿಲ್ಲದೆ ಬಂತು, ಮರುವರ್ಷ ಇಂಗ್ಲಿಷ್ ಆವೃತ್ತಿಗೆ ಬ್ರಿಟಿಷ್ ನಟರು ದನಿ ಕೊಟ್ಟರು. ಅಲ್ಲಿ ಇಂಗ್ಲಿಷ್ ದನಿಯೇ ಮೊದಲನೆಯದು.

'ಫೈನಲ್ ಫ್ಯಾಂಟಸಿ 10'ರಲ್ಲಿ ನಾಯಕ ಹಾ ಹಾ ಹಾ ಅಂತ ನಗೋ ವಿಡಿಯೋ ನೋಡಿದೆ. ಇಷ್ಟು ಕೆಟ್ಟ ಕಂಠದಾನಾನ ಯಾಕ ಹೊಗಳ್ತಾರ? – ಹುಮನಾಬಾದ್

ಆ ನಗು ಕೆಟ್ಟದಾಗಿಯೇ ಇರಬೇಕು. ದೃಶ್ಯವನ್ನು ಮೊದಲಿನಿಂದ ನೋಡಿ. ಮನಸ್ಸು ಕುಗ್ಗಿದಾಗಲೂ ನಗಬೇಕು, ಅದನ್ನು ಅಭ್ಯಾಸ ಮಾಡಿಕೊಂಡಿದ್ದೇನೆ ಎಂದು ನಾಯಕಿ ಯೂನಾ ಹೇಳುತ್ತಾಳೆ. ನಾಯಕ ಟೀಡಸ್‌ಗೂ ನಗಲು ಹೇಳುತ್ತಾಳೆ. ಅವನು ಬಲವಂತಕ್ಕೆ ಗಂಟಲು ಹರಿಯುವಂತೆ ನಗುತ್ತಾನೆ, ಇವಳೂ ಸೇರುತ್ತಾಳೆ. ಆ ಪೆಚ್ಚುತನಕ್ಕೆ ಇಬ್ಬರಿಗೂ ನಿಜವಾದ ನಗು ಬರುತ್ತದೆ, ಜೊತೆಗಾರರು ಇವರಿಗೇನಾಯಿತು ಎಂದು ದಂಗಾಗಿ ನೋಡುತ್ತಾರೆ. ಸುಳ್ಳು ನಗು ಕಿವಿಗೆ ಚುಚ್ಚದಿದ್ದರೆ ನಿಜದ ನಗು ಬೇರೆ ಎಂದು ಕೇಳುವುದೇ ಇಲ್ಲ. ಕತ್ತರಿಸಿದ ವಿಡಿಯೋದಲ್ಲಿ ಆ ದ್ವಿತೀಯಾರ್ಧವೇ ಇರುವುದಿಲ್ಲ.

ಆದರೆ ಅದೇ ಆಟದ ಇಂಗ್ಲಿಷ್ ಮಾತುಗಳಲ್ಲಿ, ಅದರಲ್ಲೂ ಯೂನಾಳ ಮಾತಿನಲ್ಲಿ, ತುಂಡು ತುಂಡಾದ ಲಯ ಇರುವುದು ನಿಜ. 2001ರಲ್ಲಿ ಬಂದ ಈ ಆಟ ಮುಖ್ಯ ಸರಣಿಯಲ್ಲಿ ಪಾತ್ರಗಳಿಗೆ ದನಿ ಕೊಟ್ಟ ಮೊದಲನೆಯದು. ತುಟಿಯ ಚಲನೆಯನ್ನು ಜಪಾನಿ ಮಾತಿಗೆ ಹೊಂದಿಸಿ ಆಗಲೇ ಮುಗಿಸಿದ್ದರು. ಇಂಗ್ಲಿಷ್ ಮಾತು ಆ ಅವಧಿಯೊಳಗೇ ಕೂರಬೇಕಿತ್ತು: ಉದ್ದವಾದರೆ ಓಡಬೇಕು, ಗಿಡ್ಡವಾದರೆ ನಡುವೆ ನಿಲ್ಲಬೇಕು. ಇದೇ ಇಕ್ಕಟ್ಟಿನಲ್ಲಿ ಒಂದು ಅಪರೂಪದ ಆಯ್ಕೆಯೂ ಆಯಿತು. ಕೊನೆಯ ದೃಶ್ಯದಲ್ಲಿ ಯೂನಾ ಜಪಾನಿಯಲ್ಲಿ ಹೇಳುವುದು 'ಅರಿಗತೋ', ಅಂದರೆ ಧನ್ಯವಾದ. ಅನುವಾದದ ಹೊಣೆ ಹೊತ್ತ ಅಲೆಕ್ಸಾಂಡರ್ ಒ. ಸ್ಮಿತ್ ಅವರ ಇಂಗ್ಲಿಷ್ ಪಠ್ಯದಲ್ಲಿ ಅದು 'ನಿನ್ನನ್ನು ಪ್ರೀತಿಸುತ್ತೇನೆ' ಎಂದಾಯಿತು. ಪದಶಃ ಅದು ತಪ್ಪು. ಆದರೆ ಆ ದೃಶ್ಯದಲ್ಲಿ ಬರಿಯ ಧನ್ಯವಾದದ ಇಂಗ್ಲಿಷ್ ಪದ ಅಂಗಡಿಯಲ್ಲಿ ಚಿಲ್ಲರೆ ಪಡೆದಾಗ ಹೇಳಿದಂತೆ ಕೇಳುತ್ತಿತ್ತು. ನಮ್ಮಲ್ಲೂ ಮನೆಯವರಿಗೆ ಯಾರೂ 'ಧನ್ಯವಾದ' ಅನ್ನುವುದಿಲ್ಲ. ಈ ಬದಲಾವಣೆ ಸರಿ ಎಂದೇ ನಮ್ಮ ಅಭಿಪ್ರಾಯ.

ಲ್ಯಾಪ್‌ಟಾಪ್ ಇಲ್ಲ, ಫೋನ್ ಅಷ್ಟೇ. 'ಗೆನ್ಶಿನ್ ಇಂಪ್ಯಾಕ್ಟ್' ಜಪಾನಿ ಆಟವೇ? – ಸುರಪುರ

ಅಲ್ಲ, ಅದು ಚೀನಾದ ಶಾಂಘೈ ನಗರದ ಕಂಪನಿಯದು, 2020ರಲ್ಲಿ ಬಂದದ್ದು. ಜಪಾನಿ ದನಿ ಅದಕ್ಕೆ ಡಬ್ಬಿಂಗ್. ಸೆಟ್ಟಿಂಗ್ಸ್‌ನ ಭಾಷೆಯ ವಿಭಾಗದಲ್ಲಿ ಅಕ್ಷರದ ಭಾಷೆ, ದನಿಯ ಭಾಷೆ ಬೇರೆ ಬೇರೆ ಇರುತ್ತವೆ. ದನಿಯ ಕಡತ ಪ್ರತ್ಯೇಕವಾಗಿ ಇಳಿಯುತ್ತದೆ, ಹಲವು ಜಿಬಿ ನುಂಗುತ್ತದೆ. ಹೊಸದು ಇಳಿದ ಮೇಲೆ ಹಳೇ ದನಿಯ ಕಡತ ಅಳಿಸಿ, ಇಲ್ಲದಿದ್ದರೆ ಎರಡೂ ಕೂತು ಫೋನ್ ತುಂಬುತ್ತದೆ.

ಜಪಾನಿನದೇ ಬೇಕೆಂದರೆ ಫೋನಿನಲ್ಲಿ 'ಕ್ರೋನೋ ಟ್ರಿಗರ್' ಸಿಗುತ್ತದೆ. ಸುಮಾರು 20ರಿಂದ 25 ಗಂಟೆಯ ಕಥೆ. ದನಿ ಇಲ್ಲ, ಆದರೆ ಪಾತ್ರ ಕಟ್ಟುವುದನ್ನು ಕಲಿಯಲು ಅದಕ್ಕಿಂತ ಬಿಗಿಯಾದ ಆಟ ಕಡಿಮೆ.

ಸುತ್ತಲಿನವರೆಲ್ಲ ಮಾತಾಡ್ತಾರ, ನಾಯಕ ಮಾತ್ರ ಮೂಕ. ಇದೇನು ಉಳಿತಾಯವೇ? – ಬಸವಕಲ್ಯಾಣ

ಉಳಿತಾಯಕ್ಕಿಂತ ದೊಡ್ಡ ಕಾರಣವಿದೆ. ಯೂಜಿ ಹೊರೀ 1986ರಲ್ಲಿ ಮೊದಲ 'ಡ್ರ್ಯಾಗನ್ ಕ್ವೆಸ್ಟ್' ಮಾಡಿದಾಗ ಇಡೀ ಆಟ 64 ಕೆಬಿಯಲ್ಲಿ ಹಿಡಿಯಬೇಕಿತ್ತು. ಜಪಾನಿ ಅಕ್ಷರಗಳನ್ನೂ ಎಣಿಸಿ ಬಳಸಬೇಕಾದ ಕಾಲ. ಆದರೆ ಜಾಗ ಎಷ್ಟೋ ಪಟ್ಟು ಹೆಚ್ಚಿದ ಮೇಲೂ ಅವರು ನಾಯಕನ ಬಾಯಿ ಬಿಡಿಸಲಿಲ್ಲ, ಏಕೆಂದರೆ ಆ ಜಾಗ ಆಡುವವನದು. 1992ರ ಐದನೇ ಆಟದಲ್ಲಿ ನಾಯಕನ ಬಾಲ್ಯ, ದಾಸ್ಯ, ಮದುವೆ, ಮಕ್ಕಳು ಎಲ್ಲವೂ ಬರುತ್ತವೆ. ಬಿಯಾಂಕಾ, ಫ್ಲೋರಾ ಇಬ್ಬರಲ್ಲಿ ಯಾರನ್ನು ಮದುವೆಯಾಗುವುದೆಂದು ನೀವೇ ಆರಿಸಬೇಕು. ಅವನು ಮಾತಾಡುವವನಾಗಿದ್ದರೆ ಆ ಆಯ್ಕೆ ಅವನದಾಗುತ್ತಿತ್ತು.

ಮೂಕ ನಾಯಕ ಸೋಲುವುದು ಸುತ್ತಲಿನವರು ಅವನಿಗೆ ಪ್ರತಿಕ್ರಿಯಿಸದಿದ್ದಾಗ. 'ಪರ್ಸೋನಾ 5' ನಡುದಾರಿ ಹಿಡಿಯಿತು: ಹೊಡೆದಾಟದಲ್ಲಿ ದನಿ, ಮಾತುಕತೆಯಲ್ಲಿ ನಿಮ್ಮ ಆಯ್ಕೆ. ಅದೇ ಬಳಗದ ಹಲವರು ಕೆಲಸ ಮಾಡಿದ 2024ರ 'ಮೆಟಾಫರ್: ರೀಫ್ಯಾಂಟಾಜಿಯೊ'ದಲ್ಲಿ ನಾಯಕ ಪೂರಾ ಮಾತಾಡುತ್ತಾನೆ.

ಐದಾರು ತಾಸು ಆಡಿದರೂ ಕಥೆ ಶುರುವಾಗಲಿಲ್ಲ ಅನಿಸುತ್ತದೆ. ಬಿಟ್ಟುಬಿಡಲೇ? – ಶಹಾಪುರ

ಬಿಡಬೇಡಿ, ಆದರೆ ಆಡುವ ರೀತಿ ಬದಲಿಸಿ. ಜಪಾನಿ ಕಥನದಲ್ಲಿ 'ಕಿ, ಶೋ, ತೆನ್, ಕೆತ್ಸು' ಎಂಬ ನಾಲ್ಕು ಹಂತದ ಕಟ್ಟು ಬಹಳ ಬಳಕೆಯಲ್ಲಿದೆ. ಅದರ ಮೂಲ ಚೀನೀ ಚೌಪದಿಯಲ್ಲಿದೆ: ಪರಿಚಯ, ಬೆಳವಣಿಗೆ, ಹೊರಳು, ಕೂಡಿಕೆ. ಹೊರಳು ಬರುವುದು ಮೂರನೆಯದರಲ್ಲಿ. ಅಲ್ಲಿಯವರೆಗೆ ಊರು, ಊಟ, ನೆರೆಹೊರೆ ಎಲ್ಲ ನಿಮ್ಮದಾಗಬೇಕು, ಆಗಲೇ ಅದು ಕಳೆದಾಗ ನೋವಾಗುತ್ತದೆ. 'ಟ್ರೇಲ್ಸ್' ಸರಣಿಯಲ್ಲಿ ಕಥೆ ಒಂದು ಹೆಜ್ಜೆ ಮುಂದೆ ಹೋದಾಗಲೆಲ್ಲ ಬೀದಿಯ ಜನರ ಮಾತೂ ಬದಲಾಗುತ್ತದೆ. ಪ್ರತಿ ಘಟನೆ ಆದ ಮೇಲೆ ನಾಲ್ಕೈದು ಜನರನ್ನಾದರೂ ಮತ್ತೆ ಮಾತಾಡಿಸಿ. ಗುಂಡಿ ಒತ್ತಿ ಒತ್ತಿ ಮಾತು ಹಾರಿಸಬೇಡಿ: ದನಿ ಅರ್ಧಕ್ಕೆ ಕತ್ತರಿಸುತ್ತದೆ, ವಾಕ್ಯದ ಬಾಲ ಹೋಗುತ್ತದೆ. 'ಆಟೋ' ಇಟ್ಟರೆ ಮಾತು ತನ್ನ ವೇಗದಲ್ಲಿ ಸಾಗುತ್ತದೆ.

ಬೀದರ್ ಕೋಟೆಯ ಸುತ್ತ ಒಂದು ಸಣ್ಣ ಆಟವನ್ನು ಆರ್‌ಪಿಜಿ ಮೇಕರ್ ಎಂಝಡ್ ಎಂಬ ಆಟ ಕಟ್ಟುವ ತಂತ್ರಾಂಶದಲ್ಲಿ ಮಾಡುತ್ತಿದ್ದೇವೆ. ಬಿದರಿ ಕೆಲಸದ ಒಬ್ಬ ಅಜ್ಜ ಮುಖ್ಯ ಪಾತ್ರ. ಕನ್ನಡ ಒತ್ತಕ್ಷರ ಪರದೆ ಮೇಲೆ ಒಡೆಯುತ್ತವೆ, ದನಿ ಮುದ್ರಿಸಿದರೆ ಕೋಣೆ ಗುಂಯ್ ಅನ್ನುತ್ತದೆ. – ಬೀದರ್

ಮೊದಲು ಅಕ್ಷರ. ಕನ್ನಡ ಇರುವ ಫಾಂಟ್, ಉದಾಹರಣೆಗೆ ನೋಟೊ ಸಾನ್ಸ್ ಕನ್ನಡ, ಫಾಂಟ್ಸ್ ಕೋಶಕ್ಕೆ ಹಾಕಿ 'ಸಿಸ್ಟಮ್ 2'ರಲ್ಲಿ ಅದರ ಹೆಸರು ಕೊಡಿ. ಇಷ್ಟಾದರೂ 'ಕ್ಕ', 'ಸ್ತ್ರ' ಒಡೆಯುತ್ತವೆ. ಕಾರಣ: ಸಂದೇಶದ ಕಿಟಕಿ ಒಂದೊಂದೇ ಸಂಕೇತವನ್ನು ಬೇರೆ ಬೇರೆ ಬರೆಯುತ್ತದೆ, ಅಕ್ಷರ, ಅರ್ಧಾಕ್ಷರದ ಚಿಹ್ನೆ (್), ಒತ್ತು ಕೂಡಿಕೊಳ್ಳಲು ಅವಕಾಶವೇ ಸಿಗುವುದಿಲ್ಲ. ಪ್ರತಿ ಸಾಲಿನ ಮೊದಲಿಗೆ \> ಹಾಕಿ, ಇಡೀ ಸಾಲು ಒಟ್ಟಿಗೆ ಬರೆಯಲ್ಪಡುತ್ತದೆ. ಸಾಲು ಮುರಿದರೆ ಅದರ ಪರಿಣಾಮ ಮುಗಿಯುತ್ತದೆ, ಆದ್ದರಿಂದ ಎರಡನೇ ಸಾಲಿಗೂ ಬೇಕು. ಸಾಲು ತಾನಾಗಿ ಮಡಿಚಿಕೊಳ್ಳುವುದಿಲ್ಲ, ಒಂದು ಪೆಟ್ಟಿಗೆಗೆ ನಾಲ್ಕೇ ಸಾಲು. ಸಾಲು ಒಮ್ಮೆಲೇ ಕಾಣುವುದರಿಂದ ಗುಟ್ಟಿನ ಪದವನ್ನು ಮುಂದಿನ ಪೆಟ್ಟಿಗೆಗೆ ತಳ್ಳಿ.

ಇನ್ನು ಅಜ್ಜ. ನಿಮ್ಮ ಕೈಯಲ್ಲಿ ಚಿನ್ನದಂಥ ವಸ್ತುವಿದೆ: ಕೋಟೆಯ ಮಣ್ಣು. ಸತು, ತಾಮ್ರದ ಎರಕದಲ್ಲಿ ಚಿತ್ತಾರ ಕೊರೆದು, ಬೆಳ್ಳಿ ತಂತಿ ಕೂರಿಸಿ, ಕೊನೆಗೆ ಈ ಮಣ್ಣಿಗೆ ನವಸಾಗರ ಬೆರೆಸಿ ಬಿಸಿ ಮಾಡಿ ಉಜ್ಜಿದಾಗ ಸತು ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಮಣ್ಣನ್ನು ನಾಲಿಗೆಗೆ ಹಚ್ಚಿ ಪರೀಕ್ಷಿಸುವ ರೂಢಿಯೂ ಇದೆ. ಈ ಒಂದು ಕ್ರಿಯೆಯಲ್ಲಿ ಅಜ್ಜನ ಪರಿಚಯ ಮುಗಿಯಬೇಕು, ಉದ್ದನೆಯ ಇತಿಹಾಸ ಬೇಡ. ನಾಯಕ ಯಾವುದೋ ಮಣ್ಣು ತಂದಾಗ: 'ಮಣ್ಣಂದ್ರ ಎಲ್ಲಾ ಮಣ್ಣಲ್ಲೋ ತಮ್ಮಾ.' ಸರಿಯಾದದ್ದು ತಂದಾಗ, ನಾಲಿಗೆಗೆ ಹಚ್ಚಿ, ತಡೆದು: 'ಹ್ಞಾಂ... ಇದ ನೋಡು.' ಆಟದ ಕೊನೆಗೆ, ಅದೇ ಹುಡುಗನಿಗೆ: 'ಇನ್ನ ನೀವs ರುಚಿ ನೋಡ್ರಿ.' 'ತಮ್ಮಾ' ಹೋಗಿ 'ರಿ' ಬಂದಿತು. ಅಜ್ಜ ಅವನನ್ನು ಕಸುಬಿನವನೆಂದು ಒಪ್ಪಿದ. ಮೇಲೆ ಹೇಳಿದ ಜಪಾನಿ ತಂತ್ರ ಇದೇ, ನಮ್ಮ ಮಾತಿನಲ್ಲಿ ಆಗಲೇ ಇದೆ. ಅಜ್ಜನಿಗೆ ಪುಸ್ತಕದ ಕನ್ನಡ ಕೊಡಬೇಡಿ. ಹಾಗೆಂದು ಎಲ್ಲರಿಗೂ ಒಂದೇ ಆಡುಮಾತೂ ಬೇಡ: ಕಚೇರಿಯವನು, ಶಾಲೆಯ ಹುಡುಗಿ, ದಖ್ಖನಿ ಉರ್ದು ಬೆರೆಸುವ ಗೆಳೆಯ, ಎಲ್ಲರ ಬಾಲವೂ ಬೇರೆ ಇರಲಿ.

ದನಿಗೆ ಕೋಣೆಯೇ ಮುಖ್ಯ, ಮೈಕ್ ಆಮೇಲೆ. ಮನೆಯಲ್ಲಿರುವ ದಪ್ಪ ಕೌದಿಗಳನ್ನು ಮಾತಾಡುವವರ ಬೆನ್ನ ಹಿಂದೆ, ಎರಡೂ ಪಕ್ಕ ಇಳಿಬಿಡಿ. ಮೈಕ್ ಮುಂದಿನ ಶಬ್ದವನ್ನೇ ಹೆಚ್ಚು ಹಿಡಿಯುತ್ತದೆ, ಗುಂಯ್ ಎನ್ನುವುದು ಬೆನ್ನಿನ ಗೋಡೆಗೆ ಬಡಿದು ಬರುವ ದನಿ. ಫ್ಯಾನು, ಕೂಲರ್ ಆರಿಸಲೇಬೇಕು, ಹಾಗಾಗಿ ಬೇಸಿಗೆಯಲ್ಲಿ ನಸುಕಿಗೆ ಮುದ್ರಿಸಿ. ಬಾಯಿಂದ ಒಂದು ಗೇಣು ದೂರ, ಮೈಕ್ ತುಸು ಓರೆಗೆ ಇರಲಿ, ಇಲ್ಲದಿದ್ದರೆ 'ಪ', 'ಭ' ಬಂದಾಗ ಗಾಳಿ ಬಡಿಯುತ್ತದೆ. ಅತಿ ಜೋರಿನ ಮಾತು ಮುದ್ರಣದ ಮೀಟರ್‌ನಲ್ಲಿ ಮೈನಸ್ 6 ಡೆಸಿಬೆಲ್ ದಾಟದಿರಲಿ. ಮಾತು ಶುರುವಾಗುವ ಮುಂಚೆ ಹತ್ತು ಸೆಕೆಂಡ್ ಖಾಲಿ ಕೋಣೆ ಮುದ್ರಿಸಿಕೊಳ್ಳಿ. ಆಡಾಸಿಟಿ ಎಂಬ ದನಿ ತಿದ್ದುವ ತಂತ್ರಾಂಶದಲ್ಲಿ ಗದ್ದಲ ತೆಗೆಯಲು ಅದು ಬೇಕು. ಅತಿಯಾಗಿ ತೆಗೆದರೆ ನೀರೊಳಗಿಂದ ಮಾತಾಡಿದಂತಾಗುತ್ತದೆ.

ಪ್ರತಿ ಮಾತಿಗೆ ಮೂರು ಸಲ. ಎದುರಿನವರ ಮಾತನ್ನು ಯಾರಾದರೂ ಗಟ್ಟಿಯಾಗಿ ಓದಲೇಬೇಕು. ಆಟದ ಕಂಠದಾನ ಹೆಚ್ಚಾಗಿ ಒಬ್ಬೊಬ್ಬರೇ ಮಾಡುವ ಕೆಲಸವಾದ್ದರಿಂದ ಒಬ್ಬ ಪಿಸುಗುಟ್ಟಿ ಇನ್ನೊಬ್ಬ ಕೂಗುವ ತಪ್ಪು ಸುಲಭವಾಗಿ ಆಗುತ್ತದೆ. ದನಿಯ ಮಟ್ಟ ಸಮ ಮಾಡುವಾಗ ಇಡೀ ಮುದ್ರಣಕ್ಕೆ ಒಮ್ಮೆ ಮಾಡಿ, ಆಮೇಲೆ ಕತ್ತರಿಸಿ. ತುಂಡು ತುಂಡಾಗಿ ಮಾಡಿದರೆ ಪಿಸುಮಾತೂ ಚೀರಾಟವೂ ಒಂದೇ ಎತ್ತರಕ್ಕೆ ಬರುತ್ತವೆ.

ಪ್ರತಿ ಮಾತನ್ನು ಓಜಿಜಿ ಬಗೆಯ ದನಿ ಕಡತ ಮಾಡಿ ಎಸ್‌ಇ (ಸೌಂಡ್ ಎಫೆಕ್ಟ್) ಕೋಶದಲ್ಲಿಡಿ. ಹೆಸರು ಇಂಗ್ಲಿಷ್ ಸಣ್ಣಕ್ಷರದಲ್ಲೇ ಇರಲಿ, ವಿಂಡೋಸ್‌ನಲ್ಲಿ ನಡೆದದ್ದು ಫೋನಿನಲ್ಲಿ ದೊಡ್ಡಕ್ಷರ, ಸಣ್ಣಕ್ಷರದ ವ್ಯತ್ಯಾಸಕ್ಕೆ ನಿಂತುಹೋಗುತ್ತದೆ. ಆಜ್ಞೆಗಳ ಅನುಕ್ರಮ: 'ಸ್ಟಾಪ್ ಎಸ್‌ಇ', 'ಪ್ಲೇ ಎಸ್‌ಇ', 'ಶೋ ಟೆಕ್ಸ್ಟ್'. ಮೊದಲನೆಯದನ್ನು ಬಿಟ್ಟರೆ ಆಡುವವರು ಬೇಗ ಮುಂದೆ ಒತ್ತಿದಾಗ ಎರಡು ಮಾತು ಒಂದರ ಮೇಲೊಂದು ಬೀಳುತ್ತವೆ.

ಹೊಡೆದಾಟದ ಕೂಗು ಮುದ್ರಿಸಿದ ಮೇಲೆ ಗಂಟಲು ಕಟ್ಟುತ್ತದೆ. – ಸೇಡಂ

ಕೂಗನ್ನು ಯಾವಾಗಲೂ ದಿನದ ಕೊನೆಗೆ ಇಡಿ, ಭಾವದ ಮಾತು ಮೊದಲು. ಒಂದು ಪಾತ್ರಕ್ಕೆ ಸಣ್ಣ ಹೊಡೆತ ಮೂರು, ದೊಡ್ಡದು ಎರಡು, ಪೆಟ್ಟು ತಿಂದದ್ದು ಮೂರು, ಬಿದ್ದದ್ದು ಒಂದು, ಗೆಲುವು ಎರಡು, ಇಷ್ಟು ಸಾಕು. ಎರಡು ಗೇಣು ಹಿಂದೆ ಸರಿದು, ಮೈಕಿನ ಗೇನ್ (ದನಿ ಹಿಡಿಯುವ ಮಟ್ಟ) ಇಳಿಸಿ, ಹೊಟ್ಟೆಯಿಂದ ಉಸಿರು ತಳ್ಳಿ. ಇಪ್ಪತ್ತು ನಿಮಿಷ ದಾಟಬೇಡಿ. ನಡುನಡುವೆ ಉಗುರುಬೆಚ್ಚಗಿನ ನೀರು ಗುಟುಕರಿಸಿ, ತಣ್ಣನೆಯದು ಬೇಡ. ದನಿ ಒಡೆದರೆ ಅವತ್ತಿಗೆ ನಿಲ್ಲಿಸಿ, ಪಿಸುಗುಟ್ಟುತ್ತಲೂ ಮಾತಾಡಬೇಡಿ.