ಕಿವಿ ಕೇಳದ ಕಲಾವಿದ ತಮ್ಮನಿಗೆ ನೇರವಾಗಿ ಆರ್ಡರ್ ಬರಬೇಕಾದರೆ

ಕಿವಿ ಕೇಳದ ನಿಮ್ಮ ತಮ್ಮ ಬಿಡಿಸುವ ಚಿತ್ರಗಳಿಗೆ ಬೇಡಿಕೆ ಇದ್ದರೂ ಗದಗದ ಫ್ರೇಮ್ ಅಂಗಡಿಯವರೇ ಅರ್ಧ ದುಡ್ಡು ಇಟ್ಟುಕೊಳ್ಳುತ್ತಾರೆ ಅಂದಿರಿ. ಇದಕ್ಕೆ ಕಾರಣ ಬಹುಶಃ ಫೋನ್ ಕರೆ. ಕರೆ ಎತ್ತೋದು, ರೇಟು ಮಾತಾಡೋದು ಎಲ್ಲ ಅಂಗಡಿಯವರೇ ಅಲ್ವಾ?

ಮೊದಲು ಅವನ ಹೆಸರಲ್ಲೇ ವಾಟ್ಸಾಪ್ ಬಿಸಿನೆಸ್ ಮಾಡಿಕೊಡಿ. ಕ್ಯಾಟಲಾಗ್‌ನಲ್ಲಿ ಪ್ರತಿ ಚಿತ್ರದ ಫೋಟೊ, ಅಳತೆ, ಬೆಲೆ ಹಾಕಿ. 'ನನಗೆ ಕಿವಿ ಕೇಳಿಸುವುದಿಲ್ಲ, ಮೆಸೇಜ್ ಮಾಡಿ' ಅಂತ ಪ್ರೊಫೈಲ್‌ನಲ್ಲೇ ಬರೆಯಿರಿ. ನಾಚಿಕೊಳ್ಳೋದು ಏನೂ ಇಲ್ಲ. ಅವನಿಗೆ ಓದು ಬರಹ ಎಷ್ಟು ಬರುತ್ತೆ ಅಂತ ನೀವು ಬರೆದಿಲ್ಲ. ಕಷ್ಟ ಅಂದರೆ ಗಿರಾಕಿ ಜೊತೆ ವಿಡಿಯೊ ಕಾಲ್ ಮಾಡಿ, ನೀವು ಸನ್ನೆಯಲ್ಲಿ ಹೇಳಿಕೊಡಿ. ಆದರೆ ಬೆಲೆ ಅವನೇ ಹೇಳಲಿ. ಅದನ್ನೂ ನೀವೇ ಹೇಳಿದರೆ ಅಂಗಡಿಯವರ ಜಾಗಕ್ಕೆ ನೀವು ಬಂದಂಗಾಯ್ತು, ಅಷ್ಟೇ.

ಆಮೇಲೆ ಯುಪಿಐ ಅವನ ಸ್ವಂತ ಖಾತೆಗೆ ಜೋಡಿಸಿ. ದುಡ್ಡು ಬಂತು ಅಂತ ಕೂಗುವ ಸೌಂಡ್‌ಬಾಕ್ಸ್ ಸುಮ್ನೆ ದಂಡ. ಫೋನ್ ವೈಬ್ರೇಟ್‌ನಲ್ಲಿ ಇದ್ದರೆ ಸಾಕು. ಆರ್ಡರ್‌ಗೆ ಅರ್ಧ ಮುಂಗಡ ತಗೊಳ್ಳಿ.

ಬೆಲೆ ಗೊತ್ತಾಗದಿದ್ದರೆ ಗದಗದ ವಿಜಯ ಲಲಿತಕಲಾ ಮಹಾವಿದ್ಯಾಲಯದ ಮೇಷ್ಟ್ರಿಗೆ ನಾಲ್ಕು ಚಿತ್ರ ತೋರಿಸಿ ಕೇಳಿ.

ಯುಡಿಐಡಿ, ಅಂದರೆ ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಕಾರ್ಡ್, ಇಲ್ಲದಿದ್ದರೆ ಸರ್ಕಾರದ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ. ಶ್ರವಣ ಪರೀಕ್ಷೆ ಆಸ್ಪತ್ರೆಯಲ್ಲಿ ಆಗುತ್ತೆ. ಬಹಳಷ್ಟು ಸೌಲಭ್ಯಗಳಿಗೆ ಕನಿಷ್ಠ 40 ಪರ್ಸೆಂಟ್ ಅಂಗವೈಕಲ್ಯ ಇದೆ ಅಂತ ಆಗಬೇಕು. ಕಾರ್ಡ್ ಬಂದ ಮೇಲೆ ಜಿಲ್ಲಾ ಅಂಗವಿಕಲರ ಕಲ್ಯಾಣಾಧಿಕಾರಿ ಕಚೇರಿಯಲ್ಲಿ ಸಾಲ, ಸಹಾಯಧನ ವಿಚಾರಿಸಿ.

ಅಂಗಡಿಯವರ ಜೊತೆ ಈಗಲೇ ಜಗಳ ಬೇಡ, ಫ್ರೇಮ್ ಹಾಕಿಸೋಕೆ ಅವರು ಬೇಕಾಗ್ತಾರೆ. ಇವತ್ತು ಕ್ಯಾಟಲಾಗ್‌ಗೆ ಹತ್ತು ಚಿತ್ರದ ಫೋಟೊ ತೆಗೆಯಿರಿ, ಹಗಲು ಬೆಳಕಲ್ಲಿ, ಗಾಜು ಹಾಕಿಸೋ ಮುಂಚೆ.