‘ಇಡ್ಲಿ & ವಡೆ’ ಕೇಳಿದರೆ ಇಡ್ಲಿ ಮಾತ್ರ ಬರುತ್ತದೆ!

ಪ್ರಶ್ನೆ: ಅಡುಗೆಯ ಆಂಡ್ರಾಯ್ಡ್ ಆ್ಯಪ್ ಮಾಡುತ್ತಿದ್ದೇನೆ. ಬಳಕೆದಾರರು ಟೈಪ್ ಮಾಡಿದ ಪದವನ್ನು ವೆಬ್ ವಿಳಾಸದ ಕೊನೆಗೆ ಅಂಟಿಸಿ ಸರ್ವರ್‌ಗೆ ಕಳಿಸುತ್ತೇನೆ. ‘ಉಪ್ಪಿಟ್ಟು’ ಎಂದರೆ ಸರಿಯಾಗಿ ಬರುತ್ತದೆ. ‘ಇಡ್ಲಿ & ವಡೆ’ ಎಂದರೆ ಇಡ್ಲಿ ಮಾತ್ರ. ಇಡೀ ವಿಳಾಸವನ್ನೇ ಎನ್‌ಕೋಡ್ ಮಾಡಿದೆ (ಚಿಹ್ನೆಗಳನ್ನು % ಇರುವ ಸಂಕೇತಗಳಾಗಿ ಬದಲಿಸಿದೆ), ಆಗ ಏನೂ ತೆರೆಯಲಿಲ್ಲ. ಮುಂದೆ ಐಫೋನ್‌ಗೂ ಮಾಡಬೇಕಿದೆ. ದಯವಿಟ್ಟು ತಿಳಿಸಿ.

ಉತ್ತರ: ನೀವು ಎನ್‌ಕೋಡ್ ಮಾಡಿದ ಹೊತ್ತು ತಪ್ಪಿದೆ. ಅಂಟಿಸುವ ಮುಂಚೆ, ಆ ಪದಕ್ಕಷ್ಟೇ ಮಾಡಬೇಕು.

ವಿಳಾಸದಲ್ಲಿ & ಬಂದರೆ ಒಂದು ಪ್ಯಾರಾಮೀಟರ್ (ಸರ್ವರ್‌ಗೆ ಕಳಿಸುವ ಒಂದು ಮಾಹಿತಿ) ಮುಗಿದು ಇನ್ನೊಂದು ಶುರುವಾಯಿತು ಎಂದೇ ಸರ್ವರ್ ಓದುತ್ತದೆ. ಬಳಕೆದಾರರು ಹಾಕಿದ & ಯಾವುದು, ನೀವು ಹಾಕಿದ್ದು ಯಾವುದು ಎಂದು ಅದಕ್ಕೆ ತಿಳಿಯದು. ಹಾಗಾಗಿ ವಡೆ ಬೇರೆಯೇ ಪ್ಯಾರಾಮೀಟರ್ ಆಗಿ ಕಳೆದುಹೋಯಿತು. ಮುಂಚೆಯೇ ಎನ್‌ಕೋಡ್ ಮಾಡಿದರೆ & ಚಿಹ್ನೆ %26 ಆಗಿ, ಖಾಲಿ ಜಾಗ %20 ಆಗಿ ಹೋಗುತ್ತವೆ. ಇಡೀ ವಿಳಾಸಕ್ಕೆ ಮಾಡಿದಾಗ ಕೋಲನ್, ಸ್ಲ್ಯಾಶ್‌ಗಳೂ ಬದಲಾದವು. ಅದು ವಿಳಾಸವಾಗಿ ಉಳಿಯಲೇ ಇಲ್ಲ.

ಕನ್ನಡಕ್ಕೂ ಎನ್‌ಕೋಡಿಂಗ್ ಬೇಕು. ‘ವಡೆ’ಯಲ್ಲಿ ವ, ಡ, ಎತ್ವ ಎಂದು ಮೂರು ಯುನಿಕೋಡ್ ಸಂಕೇತಗಳಿವೆ. ಅವನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಪ್ರತಿಯೊಂದಕ್ಕೂ 3 ಬೈಟ್, ಪ್ರತಿ ಬೈಟ್‌ಗೂ % ಸೇರಿ 3 ಅಕ್ಷರ, ಒಟ್ಟು 27. ಹಲವು ಲೈಬ್ರರಿಗಳು ಇದನ್ನು ತಾವಾಗಿಯೇ ಮಾಡಿಬಿಡುತ್ತವೆ, ನಿಮ್ಮ ಉಪ್ಪಿಟ್ಟು ಸಲೀಸಾಗಿ ಹೋದದ್ದು ಅದಕ್ಕೇ ಇರಬೇಕು. & ಚಿಹ್ನೆಯನ್ನು ಮಾತ್ರ ಅವು ಮುಟ್ಟುವುದಿಲ್ಲ, ನೀವು ಬೇಕೆಂದೇ ಹಾಕಿದ್ದೀರಿ ಎಂದುಕೊಳ್ಳುತ್ತವೆ.

ಆಂಡ್ರಾಯ್ಡ್‌ನಲ್ಲಿ ಕೈಯಾರೆ ಅಂಟಿಸುವುದನ್ನು ಬಿಟ್ಟು, ವಿಳಾಸ ಕಟ್ಟಿಕೊಡುವ ಯುಆರ್‌ಐ ಬಿಲ್ಡರ್‌ನ ‘ಅಪೆಂಡ್ ಕ್ವೆರಿ ಪ್ಯಾರಾಮೀಟರ್’ಗೆ ಪದವನ್ನು ಇದ್ದಂತೆಯೇ ಕೊಡಿ. ಜಾವಾದ ಯುಆರ್‌ಎಲ್ ಎನ್‌ಕೋಡರ್ ಫಾರ್ಮ್‌ಗಳಿಗೆಂದು ಮಾಡಿದ್ದು, ಖಾಲಿ ಜಾಗವನ್ನು + ಮಾಡುತ್ತದೆ. ವಿಳಾಸದಲ್ಲಿ ಪ್ರಶ್ನಾರ್ಥಕ ಚಿಹ್ನೆಯ ನಂತರ ಬರುವ ಕ್ವೆರಿ ಭಾಗದಲ್ಲಿ ಅದು ಸಾಮಾನ್ಯವಾಗಿ ನಡೆಯುತ್ತದೆ, ಅದಕ್ಕೂ ಮೊದಲು ಬರುವ ಪಾತ್‌ನಲ್ಲಿ ನಡೆಯದು.

ಐಫೋನ್‌ನಲ್ಲಿ ಯುಆರ್‌ಎಲ್ ಕಾಂಪೊನೆಂಟ್ಸ್‌ನ ಕ್ವೆರಿ ಐಟಮ್ ಬಳಸಿ. ಆದರೆ ಅದು + ಚಿಹ್ನೆಯನ್ನು ಹಾಗೇ ಬಿಡುತ್ತದೆ, ಹಲವು ಸರ್ವರ್‌ಗಳು ಅದನ್ನು ಖಾಲಿ ಜಾಗ ಎಂದು ಓದುತ್ತವೆ. ಇದರಿಂದ ನಾನು ಒಂದಿಡೀ ದಿನ ಒದ್ದಾಡಿದ್ದೇನೆ. ಫೋನಿನಿಂದ +91 ಎಂದು ಹೊರಟ ಮೊಬೈಲ್ ನಂಬರ್, ಸರ್ವರ್‌ನ ಲಾಗ್‌ನಲ್ಲಿ (ಬಂದ ಕೋರಿಕೆಗಳ ದಾಖಲೆಯಲ್ಲಿ) ಒಂದು ಖಾಲಿ ಜಾಗ, ಆಮೇಲೆ 91! ಒಟಿಪಿ ಯಾರಿಗೂ ತಲುಪುತ್ತಿರಲಿಲ್ಲ. ಎನ್‌ಕೋಡ್ ಆದ ಕ್ವೆರಿಯಲ್ಲಿ ಉಳಿದ + ಅನ್ನು ನೀವೇ %2B ಎಂದು ಬದಲಿಸಬೇಕು.

ಲಾಗ್‌ನಲ್ಲಿ %2520 ಕಂಡರೆ ಎರಡು ಸಲ ಎನ್‌ಕೋಡ್ ಆಗಿದೆ ಎಂದರ್ಥ. %20ರ ಶೇಕಡಾ ಚಿಹ್ನೆಯೇ %25 ಆಗಿರುತ್ತದೆ. ಬಿಲ್ಡರ್‌ಗೆ ಕೊಡುವ ಮುಂಚೆ ಹಳೆಯ ಕೋಡ್ ಇನ್ನೂ ಒಮ್ಮೆ ಎನ್‌ಕೋಡ್ ಮಾಡುತ್ತಿದೆಯೇ ನೋಡಿ, ಇದ್ದರೆ ಆ ಸಾಲನ್ನು ತೆಗೆಯಿರಿ.